ಅವಳ ಹಿಂದಿನ ಸೀಟು

ಜೂನ್ 3, ಮಂಗಳವಾರ

ನಮ್ಮ ಅರಕೆರೆಯಲ್ಲಿ ಕಬ್ಬಿಗೂ ಬರವಿಲ್ಲ, ಮೂರ್ಖರಿಗೂ ಬರವಿಲ್ಲ. ಕಾಲುವೆ ಎರಡನ್ನೂ ಸಮನಾಗಿ ಬೆಳೆಸುತ್ತದೆ. ಇವತ್ತು ಗೊತ್ತಾದ ಹೊಸ ಬೆಳೆಯ ಹೆಸರು ನಾಗಾರ್ಜುನ. ಆಲೆಮನೆ ದೇವರಾಜುವಿನ ಮಗ. ಈ ಮಹಾಶಯ ಯುಗಾದಿ ಕಳೆದಾಗಿನಿಂದ ನನ್ನ ಮಗಳು ಅರ್ಪಿತಳ ಬಸ್ಸಿನ ಹಿಂದೆ ಬೈಕು ಓಡಿಸುತ್ತಿದ್ದಾನಂತೆ. ಅರಕೆರೆಯಿಂದ ಶ್ರೀರಂಗಪಟ್ಟಣ, ಅಲ್ಲಿಂದ ಪಾಂಡವಪುರ, ಅಲ್ಲಿ ಅವಳು ಕೆಲಸ ಮಾಡುವ ರಕ್ತಪರೀಕ್ಷೆ ಲ್ಯಾಬಿನ ಮೆಟ್ಟಿಲವರೆಗೆ. ಸಂಜೆ ಅದೇ ಮೆರವಣಿಗೆ ವಾಪಸು. ಬೇಡ ಎಂದು ಮುಖಕ್ಕೆ ಹೇಳಿದ್ದಾಳೆ. ಬೇಡ ಅನ್ನುವುದು ಅವನಿಗೆ ಹಾರನ್ ಸದ್ದಿನ ಹಾಗೆ ಕೇಳಿಸುತ್ತದೋ ಏನೋ, ಇನ್ನಷ್ಟು ಹತ್ತಿರ ಬರುತ್ತಾನೆ.

ಇದನ್ನೆಲ್ಲ ಮಗಳು ತನ್ನ ಅವ್ವ ಉಮಳಿಗೆ ಹೇಳಿದ್ದಾಳೆ, ನನಗಲ್ಲ. ಯಾಕೆ ಎಂದು ಉಮಳನ್ನು ಕೇಳಿದೆ.

"ನಿಮ್ಗೆ ಯೋಳುದ್ರೆ ಪದ್ಯ ಕಟ್ತೀರ ಅಂತ."

ಹೆಂಡತಿ ಮಕ್ಕಳಿಗೆ ನನ್ನ ಬಗ್ಗೆ ಎಂಥ ಅಭಿಪ್ರಾಯ! ಜಗಲಿಗೆ ಬಂದು ಕುಳಿತು ಕಟ್ಟಿದೆ:

ಕಣ್ಣಿಗೆ ಕರಿಗಾಜು, ತಲೆಯೊಳಗೆ ಗಾಳಿ,
ಅಪ್ಪನ ಪೆಟ್ರೋಲು, ಮಗನ ಬೀದಿ ಪಾಳಿ.

ಕನ್ನಡ ಮಾಧ್ಯಮದ ಬಿ.ಎ. ಮಾಡಿ ಶ್ರೀರಂಗಪಟ್ಟಣದ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಏಜೆಂಟಾದವನಿಗೆ ಇನ್ನೇನು ಉಳಿದಿದೆ? ಜನರನ್ನು ಕೂಗಿ ಹತ್ತಿಸುವುದು ಹೊಟ್ಟೆಪಾಡು, ಪ್ರಾಸ ಹಾಕಿ ಕೂಗುವುದು ಚಟ. "ಪಾಂಡವಪುರ, ಪಾಂಡವಪುರ, ಕುಂತೋರ್ಗೆ ಅತ್ರ, ನಿಂತೋರ್ಗೆ ದೂರ!"

ಜೂನ್ 6, ಶುಕ್ರವಾರ

ಇವತ್ತು ಮಹಾಶಯ ನಿಲ್ದಾಣದಲ್ಲಿ ನನ್ನ ಎದುರೇ ಬೈಕು ನಿಲ್ಲಿಸಿಕೊಂಡು ಕೂತಿದ್ದ. ಹೋಗಿ ಕೇಳಿದೆ.

"ಏನ್ಲಾ, ಪಾಂಡವಪುರದಲ್ಲಿ ದಿನಾ ಏನ್ ಕೆಲ್ಸ ನಿಂಗೆ?"

"ಸುಮ್ನೆ ಮಾವ."

"ಯಾರ್ಲಾ ನಿಂಗೆ ಮಾವ?"

"ಇವತ್ತಲ್ದಿದ್ರೆ ನಾಳೆ ಆಯ್ತೀರಲ್ಲ, ಬುಡಿ. ರೋಡು ಸರ್ಕಾರದ್ದು, ಬೈಕು ನಂದು. ನೋಡದಕ್ಕೂ ಟಿಕೆಟ್ ಮಡಗಿದ್ದೀರಾ?"

ಸುತ್ತ ನಿಂತ ಕಂಡಕ್ಟರುಗಳು ನಕ್ಕರು. ಕಂಡಕ್ಟರುಗಳು ಯಾವುದಕ್ಕೂ ನಗುತ್ತಾರೆ, ಚಿಲ್ಲರೆ ಕೇಳಿದಾಗ ಬಿಟ್ಟು.

ಸಂಜೆ ಅರ್ಪಿತ ತಾನಾಗಿ ಬಂದು ಫೋನು ತೋರಿಸಿದಳು. ಯಾವುದೋ ಹೊಸ ನಂಬರಿನಿಂದ: 'ನಂಗೆ ಸಿಗ್ದೇ ಇದ್ರೆ ನಿನ್ ಮಕ ಯಾರೂ ನೋಡ್ದಂಗೆ ಮಾಡ್ತೀನಿ.' ಕೆಳಗೆ ಗುಲಾಬಿ ಹೂವಿನ ಚಿತ್ರ. ಬೆದರಿಕೆಗೂ ಶೃಂಗಾರ ಬೇಕು ಇವನಿಗೆ. ಏನಾದರೂ ತಮಾಷೆ ಹೇಳಬೇಕೆಂದು ಬಾಯಿ ತೆರೆದೆ. ಅವಳು ಫೋನನ್ನು ನನ್ನ ಕೈಗೇ ಇಟ್ಟಳು.

"ಕಂಪ್ಲೇಂಟ್ ಕೊಡನ ಅಪ್ಪ. ನಂಗೆ ನೆಮ್ದಿಯಾಗಿ ಕೆಲ್ಸಕ್ಕೆ ಓಗ್ಬೇಕು, ಬರ್ಬೇಕು. ಅಷ್ಟೆಯ."

ಜೂನ್ 9, ಸೋಮವಾರ

ಠಾಣೆಗೆ ಹೋಗಿದ್ದೆವು. ಹೆಸರು ಬರೆಸಿಕೊಳ್ಳುವ ಯೋಗ್ಯತೆ ಅದಕ್ಕಿಲ್ಲ. ಮೇಜಿನ ಹಿಂದಿದ್ದ ಪೇದೆ ಮೆಸೇಜು ಓದಿ, ಗುಲಾಬಿಯನ್ನು ಬೆರಳಿಟ್ಟು ದೊಡ್ಡದು ಮಾಡಿ ನೋಡಿ, "ಹೆಣ್ ಮಗು ವಿಚಾರ ಏಜೆಂಟ್ರೇ, ಕೇಸು ಅಂತ ಆದ್ರೆ ನಾಳೆ ಗಂಡು ನೋಡೋರು ಕೇಳ್ತಾರೆ. ಊರಲ್ಲೇ ಕೂತು ಬಗೆಹರಿಸ್ಕಳಿ" ಎಂದ.

"ನಂಗೆ ಗಂಡು ನೋಡಿ ಅಂತ ಬಂದಿಲ್ಲ ಸಾರ್ ನಾವು" ಎಂದಳು ಅರ್ಪಿತ.

ಪೇದೆ ನನ್ನ ಕಡೆ ನೋಡಿದ. ನಾನು ಅವನ ಹೊಟ್ಟೆಯ ಕಡೆ ನೋಡಿದೆ. ಅಂಗಿಯ ಗುಂಡಿಗಳಷ್ಟೇ ಅಲ್ಲಿ ಕರ್ತವ್ಯನಿಷ್ಠೆಯಿಂದ ದುಡಿಯುತ್ತಿದ್ದವು. ಎದ್ದು ಬಂದೆವು.

ಜೂನ್ 15, ಭಾನುವಾರ

ಮಾರಿಗುಡಿಯ ಜಗಲಿಯಲ್ಲಿ ನ್ಯಾಯ. ಯಜಮಾನ ನರಸಯ್ಯ. ಬಾಯಿ ತುಂಬ ಎಲೆಯಡಿಕೆ, ಆದ್ದರಿಂದ ತೀರ್ಪು ಯಾವಾಗಲೂ ಕೆಂಪಗಿರುತ್ತದೆ. ದೇವರಾಜು ಮಗನ ಪರವಾಗಿ, "ಹುಡ್ಗಬುದ್ದಿ ಕಣ್ರಪ್ಪ" ಎಂದ. ಹುಡುಗನಿಗೆ ಇಪ್ಪತ್ತೇಳು.

ನರಸಯ್ಯ ಉಗಿದು ಬಂದು ಹೇಳಿದ್ದು ಇಷ್ಟು: "ಕಾಯಿ ಒಡೀಲಿ. ಸೀರೆ, ಕುಪ್ಸ, ಅರಿಸಿನ ಕುಂಕುಮ ಮಡಗಿ ತಂಗೀ ಅಂತ ಒಪ್ಕಳ್ಲಿ. ತಂಗಿ ಅಂದ್ಮೇಲೆ ಕಣ್ಣು ತಾನಾಗೇ ತಗ್ತದೆ."

ನಮ್ಮೂರಿನಲ್ಲಿ ಇದು ಹಳೆಯ ಮದ್ದು. ರೋಗಿ ಸತ್ತರೂ ಮದ್ದನ್ನು ಬೈದವರಿಲ್ಲ.

ಅರ್ಪಿತ ಕಂಬದ ಪಕ್ಕದಿಂದ, "ನಂಗೆ ಅಣ್ಣ ಬ್ಯಾಡ ತಾತ. ಒಬ್ಳೇ ಬಸ್ಸತ್ತಿ ಒಬ್ಳೇ ಇಳಿಯಂಗಾದ್ರೆ ಸಾಕು" ಎಂದಳು.

ಕೂಟ ನಕ್ಕಿತು. "ಬಾಯಿ ಜೋರೈತಲ್ಲಾ ಸಿದ್ದೇಸ, ನಿನ್ ಮಗ್ಳುಗೆ!" ಎಂದ ನರಸಯ್ಯ.

"ಓದ್ಸಿದ್ದೀನಿ, ಯಜಮಾನ್ರೇ" ಎಂದೆ.

ನಾಗಾರ್ಜುನ ಕಾಯಿ ಒಡೆದ. 'ತಂಗೀ' ಎಂದ. ಹೇಳುವಾಗ ಕಣ್ಣು ತಗ್ಗಲಿಲ್ಲ, ಮೀಸೆಯ ಅಡಿಯಲ್ಲಿ ನಗು ಓಡಾಡುತ್ತಿತ್ತು. ಗಿಣಿಹಸಿರು ಸೀರೆಯ ತಟ್ಟೆಯನ್ನು ಅರ್ಪಿತ ಮುಟ್ಟಲಿಲ್ಲ. ಊರಿನವರೆಲ್ಲ ಕೂತಿರುವಾಗ ತಟ್ಟೆ ಎಷ್ಟು ಹೊತ್ತು ಗಾಳಿಯಲ್ಲಿರಬೇಕು? ನಾನೇ ತೆಗೆದುಕೊಂಡೆ.

ದಾರಿಯಲ್ಲಿ ಅವಳು ನನಗಿಂತ ಬೇಗ ನಡೆದಳು. ಬಿಸಿಲು ಜೋರಿತ್ತು.

ಜೂನ್ 24, ಮಂಗಳವಾರ

ಅಣ್ಣ ಬಂದಿದ್ದ! ಅಚ್ಚುಬೆಲ್ಲ ತಂದಿದ್ದ. ಉಮಳನ್ನು ಅವ್ವ ಎಂದ, ನನ್ನನ್ನು ಅಪ್ಪಾಜಿ ಎಂದ. ಮುದ್ದೆ ಉಂಡ, ಉಪ್ಸಾರು ಸೊರ್ರೆಂದ. ಗೋಡೆ ಗಡಿಯಾರ ನೋಡಿ, "ತಂಗಿ ಯಾಕವ್ವ ಇನ್ನೂ ಬಂದಿಲ್ಲ? ಕಾಲ ಸರ್ಯಾಗಿಲ್ಲ" ಎಂದ. ಕಾಲ ಕೆಡಿಸಿದವನೇ ಕಾಲದ ಚಿಂತೆ ಮಾಡಿದರೆ ಯಾರು ಏನು ಹೇಳಬೇಕು? ಬೀದಿ ಪೋಕರಿಗೆ ಮನೆಗೆ ಬರಬೇಡ ಎನ್ನಬಹುದು, ಊರು ಕೂತು ಮಾಡಿದ ಅಣ್ಣನಿಗೆ ಹಾಗೆನ್ನುವಂತಿಲ್ಲ.

ಅರ್ಪಿತ ಬಂದವಳು ಬಾಗಿಲಲ್ಲಿ ಅವನ ಚಪ್ಪಲಿ ನೋಡಿ ಹಿಂದಿನಿಂದ ಹೋಗಿ ಕೊಟ್ಟಿಗೆಯಲ್ಲಿ ನಿಂತುಬಿಟ್ಟಳು. ಅವನು ಹೋಗುವವರೆಗೂ ಹಸುವಿನ ಮೈ ತೀಡುತ್ತಿದ್ದಳಂತೆ.

ಬೇಲಿ ಹಾಕಿ ಅಂದ್ರೆ ಬಾಗ್ಲು ತೆಗೆದ್ರು,
ನಾಯಿ ಕೊರಳಿಗೆ ನಂಟ ಅಂತ ಬರೆದ್ರು.

ಮೊದಲು ಬೀದಿಯಲ್ಲಿದ್ದ. ನರಸಯ್ಯನ ನ್ಯಾಯ ಅವನನ್ನು ಅಡುಗೆಮನೆಗೆ ತಂದಿತು.

ಜುಲೈ 2, ಬುಧವಾರ

ಊರು, ಠಾಣೆ ಎರಡೂ ದಂಡ. ಇನ್ನು ನಾನೇ. ನಿನ್ನೆಯಿಂದ ಅರ್ಪಿತಳ ಜೊತೆ ಪಾಂಡವಪುರದವರೆಗೂ ಹೋಗುತ್ತಿದ್ದೇನೆ. ಅವಳ ಪಕ್ಕದಲ್ಲಿ ಕೂತರೆ ಕಿಟಕಿಯಾಚೆ ಬೈಕು ಕಾಣುವುದಿಲ್ಲ, ಆದ್ದರಿಂದ ಹಿಂದಿನ ಸೀಟು. ಅಲ್ಲಿಂದ ಎಲ್ಲ ಕಾಣುತ್ತದೆ: ಬೈಕು, ರಸ್ತೆ, ಅವಳ ಜಡೆ, ಅವಳ ಫೋನಿನ ಪರದೆ.

ನಾನು ಹೋಗಲಾಗದ ಹೊತ್ತಿಗೆ ಕಂಡಕ್ಟರುಗಳಿಗೆ ಹೇಳಿದ್ದೇನೆ. ಕುಮಾರ ಪ್ರಾಮಾಣಿಕ. "ಅತ್ತುದ್ಲು ಏಜೆಂಟಣ್ಣ", "ಇಳುದ್ಲು ಏಜೆಂಟಣ್ಣ" ಎಂದು ಫೋನು ಮಾಡುತ್ತಾನೆ. ಇವತ್ತು ಸಂಜೆ, "ಗೋಬಿ ಅಂಗ್ಡಿ ಮುಂದೆ ನಿಂತವ್ಳೆ, ಅತ್ತುಸ್ಕಳನಾ?" ಎಂದ. ಹತ್ತಿಸಿಕೋ ಎಂದೆ. ಗೋಬಿ ತಿನ್ನುವ ಕಾಲವೇ ಇದು?

ಜುಲೈ 11, ಶುಕ್ರವಾರ

ಅವಳು ಸ್ನಾನಕ್ಕೆ ಹೋದಾಗ ಫೋನು ನೋಡಿದೆ. ಬೆದರಿಕೆಯ ಸಾಕ್ಷಿ ಅಳಿಸಿಹೋಗಿಲ್ಲವಷ್ಟೇ ಎಂದು ನೋಡಬೇಕಿತ್ತು. ನಾಗಾರ್ಜುನನವು ಹೊಸದಾಗಿ ಮೂರು ಬಂದಿವೆ, ಈಗ ಗುಲಾಬಿಯ ಬದಲು ರಾಖಿಯ ಚಿತ್ರ. ಚೈತನ್ಯ ಎಂಬುವವನವು ಇನ್ನೂ ಹೆಚ್ಚು. ಲ್ಯಾಬಿನಲ್ಲೇ ಕೆಲಸ, ಊರು ಕೆ.ಆರ್.ಪೇಟೆ. 'ಟ್ಯೂಬ್ ಸ್ಟಾಕ್ ಬಂದಿಲ್ಲ ಮೇಡಂ.' 'ನಾಳೆ ನಾನೇ ಬೇಗ ಬಾಗಿಲು ತೆಗೀತೀನಿ.' 'ಊಟ ಆಯ್ತಾ?'

ಟ್ಯೂಬಿನಿಂದ ಊಟದವರೆಗೆ ಯಾವ ರಸ್ತೆ?

ನಾನು ನೋಡಿದ್ದು ಗೊತ್ತಾದ ಮೇಲೆ ಅರ್ಪಿತ ಫೋನಿಗೆ ಬೀಗ ಹಾಕಿದಳು. ಬೀಗದ ಅಂಕಿ ಕೇಳಿದೆ. ಕೊಡಲಿಲ್ಲ. ಬೆಳಿಗ್ಗೆ ಹೊಸ ಚೂಡಿದಾರ್ ಹಾಕಿದ್ದಳು. ಯಾಕೆ ಎಂದೆ. "ಹಳೇದು ಒಣಗಿಲ್ಲ" ಎಂದಳು. ತಂತಿಯ ಮೇಲೆ ಮುಟ್ಟಿ ನೋಡಿದೆ. ಒಣಗಿರಲಿಲ್ಲ, ನಿಜ.

ಜುಲೈ 19, ಶನಿವಾರ

ಬಸ್ಸಿನಲ್ಲಿ ಇವತ್ತು ಅರ್ಪಿತ ಹಿಂದೆ ತಿರುಗಿ, "ಅಪ್ಪ, ಡ್ರೈವರಣ್ಣನ ಕನ್ನಡೀಲಿ ಇಬ್ರು ಕಾಣ್ತಾರೆ ನಂಗೆ. ಒಬ್ಬ ಬೈಕಲ್ಲಿ, ಒಬ್ಬ ಸೀಟಲ್ಲಿ" ಎಂದಳು.

"ಅವನಿಗೂ ನನಗೂ ವ್ಯತ್ಯಾಸ ಗೊತ್ತಾಗಲ್ವೇನವ್ವ?"

"ಗೊತ್ತಾಯ್ತದೆ. ಅವ್ನು ಭಾನ್ವಾರ ರಜ ತಗತಾನೆ."

ಮಾತಿನ ಮೊನೆ ನನ್ನದೇ, ಅವಳಿಗೆ ಬಂದಿದೆ. ನಕ್ಕೆ. ಅವಳು ನಗಲಿಲ್ಲ. ಇಳಿದು ಲ್ಯಾಬಿನವರೆಗೆ ನಡೆದಳು. ನಾನು ಒಂದಿಷ್ಟು ಹಿಂದೆ, ಅವಳಿಗೆ ಸಂಕೋಚವಾಗದ ಹಾಗೆ.

ಜುಲೈ 21, ಸೋಮವಾರ

ನಾಗಾರ್ಜುನ ನಿಲ್ದಾಣಕ್ಕೆ ಬಂದು ಕಾಫಿ ಕೊಡಿಸಲು ನೋಡಿದ. ಒಪ್ಪಲಿಲ್ಲ. ನನ್ನ ಕಾಫಿಗೆ ನಾನೇ ದುಡ್ಡು ಕೊಟ್ಟೆ, ಒಂದೇ ಬೆಂಚಿನಲ್ಲಿ ಕುಳಿತೆವು ಅಷ್ಟೆ.

"ಅಪ್ಪಾಜಿ, ಲ್ಯಾಬಿಂದ ಸ್ಟ್ಯಾಂಡ್‌ಗಂಟ ತಂಗಿ ಜೊತೆ ಬತ್ತನಲ್ಲ ಒಬ್ಬ, ಯಾರವ್ನು?"

"ಅದನ್ನೇ ನಾನೂ ನೋಡ್ತಿದ್ದೀನಿ. ಚೈತನ್ಯ ಅಂತೆ. ಕೆ.ಆರ್.ಪೇಟೆ."

"ಓ."

ಮೂರ್ಖನಾದರೂ ಕಣ್ಣು ಚುರುಕು.

ಜುಲೈ 23, ಬುಧವಾರ

ನಾಗಾರ್ಜುನ ಚೈತನ್ಯನ ಕೈ ಮುರಿದಿದ್ದಾನೆ. ಪಾಂಡವಪುರದ ಬಸ್ ನಿಲ್ದಾಣದ ಹಿಂದೆ, ಹೆಲ್ಮೆಟ್ಟಿನಿಂದ. ಎಂದೂ ತಲೆಗೆ ಹಾಕದವನು ಇವತ್ತು ಕೈಯಲ್ಲಿ ಹಿಡಿದು ಬಂದಿದ್ದಾನೆ. "ನನ್ ತಂಗಿ ಜೊತೆ ಏನ್ಲಾ ನಿಂಗೆ ಮಾತು, ಲೇ ಚೈತನ್ಯ" ಎಂದು ಹೆಸರು ಹಿಡಿದು ಕೂಗಿ ಹೊಡೆದನಂತೆ. ಬಿಡಿಸಲು ಹೋದ ಅರ್ಪಿತಳನ್ನು ನೂಕಿದ್ದಾನೆ. ಅವಳ ಮೊಣಕೈ ತರಚಿದೆ. ಜನ ಸುತ್ತ ನಿಂತಿದ್ದರಂತೆ. ಅಣ್ಣ ಅಂದ ಮೇಲೆ ಸಿಟ್ಟು ಬರಲ್ವಾ ಎಂದು ಯಾರೋ ಅಂದರಂತೆ.

ಗಾಯ ತೊಳೆಯುವಾಗ ಅರ್ಪಿತ ಕೇಳಿದಳು: "ಅವ್ನಿಗೆ ಚೈತನ್ಯ ಅಂತ ಹೆಸ್ರು ಎಂಗೆ ಗೊತ್ತಾಯ್ತು?"

ಗೊತ್ತಿಲ್ಲ ಎಂದೆ. ನಾನು ಹೇಳಿದ್ದೇನು? ಹೆಸರು ಅಷ್ಟೆ. ಹೆಸರು ಎಲ್ಲರಿಗೂ ಇರುತ್ತದೆ.

ಜುಲೈ 25, ಶುಕ್ರವಾರ

ಚೈತನ್ಯನ ತಾಯಿ ಸೋಮಮ್ಮ ಕೆ.ಆರ್.ಪೇಟೆಯಿಂದ ನೇರ ನಮ್ಮೂರ ಮಾರಿಗುಡಿಗೇ ಬಂದಿಳಿದರು. ಸೆರಗು ಸೊಂಟಕ್ಕೆ. ನರಸಯ್ಯ, "ಕುಂತ್ಕಳವ್ವ, ಆಸ್ಪತ್ರೆ ಕರ್ಚು ಕೊಡುಸ್ತೀವಿ, ಒಂದು ಸೀರೆ ಮಡಗುಸ್ತೀವಿ" ಎಂದು ತನ್ನ ಅಂಗಡಿ ತೆರೆದ.

"ಅಂಗಾ? ಅವ್ನ ಕೈಯ್ಯ ನಾನೂ ಮುರೀತೀನಿ, ಎಲ್ಡು ಸೀರೆ ಕೊಡ್ತೀನಿ. ತಗತೀರಾ ಯಜಮಾನ್ರೇ?"

ನರಸಯ್ಯನ ಬಾಯಲ್ಲಿದ್ದ ಎಲೆ ಅಲ್ಲೇ ನಿಂತಿತು. ಬಾಳಿನಲ್ಲಿ ಇಂಥದ್ದೊಂದು ಸುಖ ನನಗೆ ಬೇಕಿತ್ತು.

ಸೋಮಮ್ಮ ಅರ್ಪಿತಳ ಕೈ ಹಿಡಿದು, "ನೀನು ಸಾಕ್ಸಿ ಯೋಳ್ತೀಯಾ, ಇಲ್ಲ ನೀನೂ ತಂಗೀನಾ?" ಎಂದರು.

"ಬತ್ತೀನಿ ಅಮ್ಮ. ನಂದೂ ಕಂಪ್ಲೇಂಟ್ ಅದೆ."

ನನಗೆ ಹೇಳದೆ ಇಬ್ಬರೂ ಪಾಂಡವಪುರದ ಬಸ್ಸು ಹತ್ತಿದರು. ಕುಮಾರ ಫೋನು ಮಾಡಿದ್ದರಿಂದ ಮುಂದಿನ ಬಸ್ಸಿಗೆ ನಾನೂ ಹೋದೆ.

ಅಲ್ಲಿನ ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಪವಿತ್ರ ಎಂಬ ಹೆಣ್ಣುಮಗಳು. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ನನ್ನನ್ನು ಹೊರಗೆ ಕೂರಿಸಿದರು. ಕಿಟಕಿ ತೆರೆದಿತ್ತು. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ನೋಡಮ್ಮ, ಬೇಡ ಅಂತ ತಿಳಿಸಿದ ಮೇಲೂ ಪದೇ ಪದೇ ಹಿಂದೆ ಬರೋದು, ಮಾತಾಡ್ಸಕ್ಕೆ ನೋಡೋದು, ನಿನ್ನ ಫೋನು, ಮೆಸೇಜಿನ ಮೇಲೆ ಕಣ್ಣಿಡೋದು, ಎಲ್ಲಾ ಅಪರಾಧವೇ. ಅಣ್ಣ ಅಂತ ಹೆಸರಿಟ್ಕೊಂಡ್ರೆ ಕಾನೂನು ಒಪ್ಪಲ್ಲ. ಮುಖ ಕೆಡಿಸ್ತೀನಿ ಅಂದಿದ್ದು ಬೆದರಿಕೆ, ಅದು ಬೇರೆ. ಮೂಳೆ ಮುರಿದಿದ್ದು ತೀವ್ರ ಗಾಯ, ಅದು ಇನ್ನೂ ಬೇರೆ. ಊರಿನ ರಾಜಿಗೂ ಇದಕ್ಕೂ ಸಂಬಂಧ ಇಲ್ಲ."

ಆಹಾ! ಅವನ ಅಳತೆ ತೆಗೆದು ಹೊಲಿದ ಅಂಗಿಯ ಹಾಗಿದೆ ಕಾನೂನು. ಕಿಟಕಿಯ ಹೊರಗೆ ನಾನೇ ತಲೆದೂಗಿದೆ.

"ಇನ್ಯಾರಾದ್ರೂ ಹಿಂದೆ ಬರ್ತಾರೇನಮ್ಮ?" ಎಂದರು ಪವಿತ್ರ.

ಅರ್ಪಿತ ಕಿಟಕಿಯ ಕಡೆ ನೋಡಿದಳು.

"ಇದೊಂದು ಬರ್ಕಳಿ ಮೇಡಂ. ಇನ್ನೊಂದ ನಾನೇ ನೋಡ್ಕತೀನಿ."

ಇನ್ನೊಬ್ಬನೂ ಇದ್ದಾನೆ! ನಾಗಾರ್ಜುನನ ಜೊತೆಗಾರ ಇರಬೇಕು. ಯಾರೆಂದು ಕುಮಾರನಿಗೆ ಹೇಳಿ ಪತ್ತೆ ಮಾಡಿಸಬೇಕು.

ಆಗಸ್ಟ್ 5, ಮಂಗಳವಾರ

ನಾಗಾರ್ಜುನನನ್ನು ಹಿಡಿದುಕೊಂಡು ಹೋದ ದಿನ ಊರು ಕದ ಹಾಕಿಕೊಂಡು ಕಿಂಡಿಯಲ್ಲಿ ನೋಡಿತು. ಈಗ ಜಾಮೀನಾಗಿದೆ. ಅವಳ ತಂಟೆಗೆ ಬರುವುದಿಲ್ಲವೆಂದು ತಾಲ್ಲೂಕು ಕಚೇರಿಯಲ್ಲಿ ಮುಚ್ಚಳಿಕೆ ಬರೆಸಿಕೊಂಡಿದ್ದಾರೆ. ದೇವರಾಜು ಮಗನನ್ನು ಬೆಳಗೊಳದ ಅತ್ತೆ ಮನೆಗೆ ಸಾಗಿಸಿದ್ದಾನೆ. ಕೇಸು ನಡೆಯುತ್ತದೆ. ಎದುರು ಸಿಕ್ಕರೆ ನರಸಯ್ಯ ರಸ್ತೆ ದಾಟುತ್ತಾನೆ.

ರಸ್ತೆಯಲ್ಲಿ ಬೈಕಿಲ್ಲ. "ಇನ್ಮೇಲೆ ನಾನೊಬ್ಳೇ ಓಯ್ತೀನಿ ಅಪ್ಪ" ಎಂದಳು ಅರ್ಪಿತ. ಬೈಕಿಲ್ಲ ಎಂದರೆ ಅಪಾಯವಿಲ್ಲ ಎಂದು ಯಾರು ಹೇಳಿದರು? ಆ ಇನ್ನೊಬ್ಬ ಇನ್ನೂ ಸಿಕ್ಕಿಲ್ಲ. ಹಿಂದಿನ ಸೀಟಿನಲ್ಲೇ ಕುಳಿತೆ.

ಆಗಸ್ಟ್ 11, ಸೋಮವಾರ

ಲ್ಯಾಬಿನ ಮಾಲೀಕರಿಗೆ ಫೋನು ಮಾಡಿ, ಮಗಳು ಇನ್ನು ಬರುವುದಿಲ್ಲ ಎಂದೆ. ಚೈತನ್ಯ ಕೈಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಕೆಲಸಕ್ಕೆ ಬರುತ್ತಿದ್ದಾನಂತೆ, ಕುಮಾರ ಹೇಳಿದ. ಅರ್ಪಿತ ಅಳಲಿಲ್ಲ, ಕೂಗಲಿಲ್ಲ. ನನ್ನನ್ನು ನೋಡಿದಳು. ಮಾರಿಗುಡಿಯಲ್ಲಿ ತಟ್ಟೆ ನೋಡಿದ ಹಾಗೆ.

ಉಮ, "ಎರಡು ಮಾತು ಅವ್ಳ ಕೇಳಿ ಮಾಡ್ಬಾರ್ದಾಗಿತ್ತಾ?" ಎಂದಳು.

ಕೇಳಿದರೆ ಬೇಡ ಎನ್ನುತ್ತಿದ್ದಳು. ಅದಕ್ಕೇ ಕೇಳಲಿಲ್ಲ. ಇಷ್ಟು ಸರಳ ವಿಷಯ ಹೆಂಗಸರಿಗೆ ಹೊಳೆಯುವುದಿಲ್ಲ.

ಆಗಸ್ಟ್ 18, ಸೋಮವಾರ

ಹೋದಳು.

ಆಗಸ್ಟ್ 19, ಮಂಗಳವಾರ

ನಾಗಮಂಗಲದ ಯಾವುದೋ ಆಸ್ಪತ್ರೆಯ ಲ್ಯಾಬಂತೆ. ಹುಡುಗಿಯರ ಪಿ.ಜಿ.ಯಲ್ಲಿದ್ದಾಳಂತೆ. ವಿಳಾಸ ಉಮಳಿಗೆ ಗೊತ್ತು. ಕೇಳಿದೆ. ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಯೋಳ್ಬ್ಯಾಡ ಅಂದವ್ಳೆ."

"ನಾನು ಅವಳಪ್ಪ."

"ಊ. ಅದ್ಕೆ ಕಂಪ್ಲೇಂಟಲ್ಲಿ ಬರ್ಸಿಲ್ಲ."

ಏನು ಮಾತೋ. ಇಪ್ಪತ್ತೈದು ವರ್ಷ ಸಂಸಾರ ಮಾಡಿದರೂ ಇವಳಿಗೆ ಮಾತು ಪೂರ್ತಿ ಮಾಡಲು ಬರುವುದಿಲ್ಲ.

ಆಗಸ್ಟ್ 28, ಗುರುವಾರ

ನಾಗಮಂಗಲದ ಬಸ್ಸುಗಳಿಗೆ ಏಜೆಂಟು ನಾನೇ ಎಂಬುದನ್ನು ಇಬ್ಬರೂ ಮರೆತಿದ್ದರು. ಕಂಡಕ್ಟರನೊಬ್ಬನನ್ನು ಕೇಳಿದ್ದಕ್ಕೆ ಪಿ.ಜಿ. ಇರುವ ಬೀದಿಯೇ ಗೊತ್ತಾಯಿತು. ಹೋಗಿದ್ದೆ.

ಎದುರಿನ ಟೀ ಅಂಗಡಿಯ ಪಕ್ಕದ ಲೈಟು ಕಂಬದ ಹಿಂದೆ ನಿಂತೆ. ಅರ್ಪಿತ ಸಂಜೆ ಬಂದಳು. ಒಬ್ಬಳೇ. ಕೈಯಲ್ಲಿ ಗೋಬಿಯ ಪೊಟ್ಟಣ, ತಿನ್ನುತ್ತ ನಡೆದು ಬರುತ್ತಿದ್ದಳು. ಏನನ್ನೋ ನೆನೆದು ತನ್ನಷ್ಟಕ್ಕೆ ನಕ್ಕಳು. ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ಇಷ್ಟು ಅಜಾಗರೂಕತೆ! ಒಳಗೆ ಹೋದಳು. ಮೇಲಿನ ಕಿಟಕಿಯಲ್ಲಿ ದೀಪ ಬಂತು. ಇನ್ನೂ ಸ್ವಲ್ಪ ನಿಂತೆ.

ಟೀ ಅಂಗಡಿಯ ಹೆಂಗಸು ಯಾರಿಗೋ ಫೋನು ಮಾಡಿದ್ದು ನನ್ನ ವಿಷಯಕ್ಕೇ ಎಂದು ಆಗ ಹೊಳೆಯಲಿಲ್ಲ. ಬೈಕಿನಲ್ಲಿ ಪೇದೆಯೊಬ್ಬ ಬಂದ. ಎಳೆಯ ಹುಡುಗ.

"ಯಾರಣ್ಣ ನೀನು? ಆಗಿಂದ್ಲೂ ನಿಂತಿದ್ದೀಯಂತೆ, ಹುಡ್ಗೀರ್ ಪಿ.ಜಿ. ಮುಂದೆ."

"ದೂರದಿಂದ ನೋಡ್ಕೊಂಡು ಹೋಗೋಣ ಅಂತ."

"ಎಲ್ರೂ ಇಂಗೇ ಯೋಳದು. ನಡಿ ಠಾಣೆಗೆ."

ಎಂಥ ಅವಿವೇಕಿ! ನಾನು ಬಿ.ಎ. ಎಂದೆ. ನನ್ನ ಮಗಳು ಇಲ್ಲಿದ್ದಾಳೆ ಎಂದೆ. "ಅಂಗಾದ್ರೆ ಒಳೀಕೋಗಿ ಮಾತಾಡ್ಸದು ಬುಟ್ಟು ಲೈಟ್ ಕಂಬದ್ ಹಿಂದ್ಗಡೆ ಯಾಕ್ ನಿಂತಿದ್ದೀಯ?" ಎಂದ. ಕಂಬ ಸರ್ಕಾರದ್ದು ಎಂದೆ.

ಅರ್ಪಿತಳನ್ನು ಕರೆಸಿದರು. ಕೆಳಗೆ ಬಂದಳು. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

"ಗೊತ್ತೇನಮ್ಮ ಇವ್ರು?"

ಉತ್ತರ ಕೊಡಲು ಇಷ್ಟು ಹೊತ್ತು ಬೇಕೇ? ಪೇದೆ ನನ್ನ ತೋಳು ಬಿಟ್ಟಿರಲಿಲ್ಲ.

"ನಮ್ಮಪ್ಪ" ಎಂದಳು ಕೊನೆಗೆ. "ಬುಡಿ ಸಾರ್. ನಾನೇ ಬಸ್ಸತ್ತುಸ್ತೀನಿ."

ನಿಲ್ದಾಣದವರೆಗೆ ನಡೆದೆವು. ನಾನು ಮುಂದೆ, ಅವಳು ಹಿಂದೆ. ಪಕ್ಕಕ್ಕೆ ಬಾರವ್ವ ಎಂದೆ, ಬರಲಿಲ್ಲ. ಊಟ ಆಯಿತೇ ಎಂದು ಕೇಳಿದೆ. "ಊ" ಎಂದಳು. ಟಿಕೆಟ್ಟು ಅವಳೇ ಕೊಂಡಳು. ಕಂಡಕ್ಟರನಿಗೆ, "ಇವ್ರು ಶ್ರೀರಂಗಪಟ್ಣದಲ್ಲೇ ಇಳೀಬೇಕು ಕಣಣ್ಣ, ಮಧ್ಯ ಎಲ್ಲೂ ಇಳುಸ್ಬ್ಯಾಡಿ" ಎಂದು ಹೇಳಿದಳು.

ಬಸ್ಸು ಹೊರಡುವವರೆಗೂ ನಿಂತಿದ್ದಳು. ಹೊರಟ ಮೇಲೂ ನಿಂತಿದ್ದಳು. ಹಿಂದಿನ ಗಾಜಿನಲ್ಲಿ ನೋಡುತ್ತ ಬಂದೆ. ತಿರುವು ಬರುವ ತನಕ ಅವಳು ಅಲ್ಲಾಡಲಿಲ್ಲ, ಕಣ್ಣು ಬಸ್ಸಿನ ಮೇಲೆಯೇ ಇತ್ತು.

ಏನೇ ಅನ್ನಲಿ, ಕರುಳ ಕುಡಿ. ನನ್ನನ್ನು ಕಳಿಸಲು ಅವಳಿಗೆ ಮನಸ್ಸೇ ಬರಲಿಲ್ಲ.